ನಿನ್ನೆಯ ವರದಿಯಲ್ಲಿ ಇವತ್ತಿನ ಕಟ್ಟಡವಿಲ್ಲ

ವಿದ್ಯುತ್ ಸ್ಥಾವರವೊಂದು ಊರು ಬಿಟ್ಟು ಹೋದದ್ದನ್ನು ಮಂಗಳೂರಿನವರು ಕಣ್ಣಾರೆ ನೋಡಿದ್ದಾರೆ. ತಣ್ಣೀರುಬಾವಿಯ ಹತ್ತಿರ ಗುರುಪುರ ನದಿಯಲ್ಲಿ ಜಿಎಂಆರ್ ಕಂಪನಿಯ 220 ಮೆಗಾವಾಟ್ ಸ್ಥಾವರವಿತ್ತು. 2001ರಲ್ಲಿ ಶುರುವಾದದ್ದು, ಉರಿಸುತ್ತಿದ್ದದ್ದು ನಾಫ್ತಾ. ಅದರ ಯಂತ್ರಗಳು ಕೂತಿದ್ದದ್ದು ಬಾರ್ಜಿನ, ಅಂದರೆ ನೀರಿನಲ್ಲಿ ತೇಲುವ ಚಪ್ಪಟೆ ಹಡಗಿನ ಮೇಲೆ. ರಾಜ್ಯದ ಜೊತೆಗಿನ ವಿದ್ಯುತ್ ಖರೀದಿ ಒಪ್ಪಂದ ಮುಗಿದ ಮೇಲೆ ಅದನ್ನು ಒಡೆಯುವ ಪ್ರಶ್ನೆಯೇ ಬರಲಿಲ್ಲ. ಬಾಡಿಗೆ ಮನೆ ಖಾಲಿ ಮಾಡಿದ ಹಾಗೆ ಸಮುದ್ರದ ದಾರಿ ಹಿಡಿದು ಆಂಧ್ರದ ಕಾಕಿನಾಡಕ್ಕೆ ಹೊರಟುಹೋಯಿತು.

ಅಂಥ ಅದೃಷ್ಟ ಎಲ್ಲ ಸ್ಥಾವರಗಳಿಗಿಲ್ಲ. ಪಡುಬಿದ್ರಿಯಿಂದ ಕಾರ್ಕಳದ ಕಡೆಗೆ ಹೊರಟರೆ ನಂದಿಕೂರು–ಎಲ್ಲೂರಿನ ಚಿಮಣಿ ಎಷ್ಟೋ ದೂರದಿಂದ ಕಾಣುತ್ತದೆ. ತಲಾ 600 ಮೆಗಾವಾಟಿನ ಎರಡು ಘಟಕ. ವಿದೇಶದ ಕಲ್ಲಿದ್ದಲು ಪಣಂಬೂರಿನ ಬಂದರಿನಲ್ಲಿ ಇಳಿದು ರೈಲಿನಲ್ಲಿ ಅಲ್ಲಿಗೆ ಬರುತ್ತದೆ. ಅದನ್ನು ಕೆಡವುವ ಮಾತು ಈಗ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ವಿದ್ಯುತ್ತಿನ ಬೇಡಿಕೆ ಏರುತ್ತಿದೆಯೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರವು 2030ರ ತನಕ ಉಷ್ಣ ಘಟಕಗಳನ್ನು ನಿವೃತ್ತಿ ಮಾಡಬೇಡಿ ಎಂದು 2023ರಲ್ಲೇ ಸೂಚಿಸಿದೆ. ಆದರೆ ಕಟ್ಟಿದ್ದೆಲ್ಲ ಒಂದು ದಿನ ಬೀಳಬೇಕು. ರಾಜ್ಯದ ಮೊದಲ ದೊಡ್ಡ ಕಲ್ಲಿದ್ದಲು ಘಟಕ, ರಾಯಚೂರಿನದು, 1985ರದ್ದು. ಅದಕ್ಕೆ ನಲವತ್ತು ದಾಟಿತು. ದಿಲ್ಲಿಯ ಬದರ್‌ಪುರ 2018ರಲ್ಲಿ ನಿಂತಿತು. ಸೂರತ್ತಿನ ಉತ್ರಾಣ್ ಸ್ಥಾವರದ 85 ಮೀಟರ್ ಎತ್ತರದ ತಂಪು ಗೋಪುರವನ್ನು 2023ರ ಮಾರ್ಚ್ 21ರಂದು ಸ್ಫೋಟಕ ಇಟ್ಟು ಉರುಳಿಸಿದರು.

ಸ್ಥಾವರ ಕೆಡವುವಾಗಿನ ಸುರಕ್ಷತೆ ಮತ್ತು ಅದರ ಆಡಿಟ್, ಈ ವಿಷಯ ಈಗ ಎತ್ತಿಕೊಳ್ಳಲು ಕಾರಣ 2025ರ ನವೆಂಬರ್. ಆ ತಿಂಗಳ 6ರಂದು ದಕ್ಷಿಣ ಕೊರಿಯಾದ ಉಲ್ಸಾನ್‌ನಲ್ಲಿ ವಿದ್ಯುತ್ ಸ್ಥಾವರವೊಂದರ, ಕೆಡವಲು ಸಜ್ಜು ಮಾಡುತ್ತಿದ್ದ ಬಾಯ್ಲರ್ (ನೀರು ಕಾಯಿಸಿ ಹಬೆ ಮಾಡುವ ಒಲೆ) ಗೋಪುರವೊಂದು ತಾನಾಗಿ ಕುಸಿದು ಏಳು ಮಂದಿ ಸತ್ತರು. ಹದಿನೈದು ದಿನ ಕಳೆದು, 21ರಂದು, ನಮ್ಮಲ್ಲಿ ಔದ್ಯೋಗಿಕ ಸುರಕ್ಷತೆಯ ಹೊಸ ಸಂಹಿತೆ ಜಾರಿಗೆ ಬಂತು. ಹಳೆಯ ಹದಿಮೂರು ಕಾಯ್ದೆಗಳು ಅದರೊಳಗೆ ಸೇರಿಹೋದವು. ಆ ಕುಸಿತವನ್ನೂ ಈ ಕಾನೂನನ್ನೂ ಪಕ್ಕಪಕ್ಕ ಇಟ್ಟು ನೋಡಿದವರು ನಮ್ಮಲ್ಲಿ ಕಡಿಮೆ.

ಕೆಡವುವುದು ಎಂದರೆ ನಮ್ಮ ಕಣ್ಣಿಗೆ ಕಟ್ಟುವುದು ಸ್ಫೋಟದ ದೃಶ್ಯ. 2020ರ ಜನವರಿಯಲ್ಲಿ ಕೊಚ್ಚಿ ಹತ್ತಿರದ ಮರಡಿನ ಫ್ಲ್ಯಾಟುಗಳು, 2022ರ ಆಗಸ್ಟ್ 28ರಂದು ನೋಯ್ಡಾದ ಅವಳಿ ಕಟ್ಟಡಗಳು. ನೋಯ್ಡಾದಲ್ಲಿ 3,700 ಕಿಲೋ ಸ್ಫೋಟಕ, ಸುಮಾರು ಒಂಬತ್ತು ಸೆಕೆಂಡು, ಎಲ್ಲ ಚಾನೆಲ್ಲುಗಳಲ್ಲಿ ನೇರ ಪ್ರಸಾರ. ಅಪಾಯ ಇರುವುದೇ ಆ ಒಂಬತ್ತು ಸೆಕೆಂಡಿನಲ್ಲಿ ಎಂದು ಯಾರಿಗಾದರೂ ಅನ್ನಿಸಬೇಕು. ವಿದ್ಯುತ್ ಸ್ಥಾವರಗಳ ಲೆಕ್ಕ ತೆಗೆದರೆ ಹಾಗಿಲ್ಲ. ಇಂಗ್ಲೆಂಡಿನ ಡಿಡ್ಕಾಟ್‌ನಲ್ಲಿ 2016ರ ಫೆಬ್ರವರಿ 23ರಂದು ಬಾಯ್ಲರ್ ಮನೆಯ ಒಂದು ಭಾಗ ಕುಸಿದು ನಾಲ್ವರು ಸತ್ತರು. ಅಮೆರಿಕದ ಓಹಿಯೊದ ಕಿಲ್ಲೆನ್ ಸ್ಥಾವರದಲ್ಲಿ 2020ರ ಡಿಸೆಂಬರ್ 9ರಂದು ಇಬ್ಬರು. ಆಮೇಲೆ ಉಲ್ಸಾನ್. ದೇಶ ಬೇರೆ, ಕಂಪನಿ ಬೇರೆ, ಕಾನೂನು ಬೇರೆ. ಆದರೂ ಮೂರು ಕಡೆಯೂ ಬಿದ್ದದ್ದು ಸ್ಫೋಟದ ದಿನ ಅಲ್ಲ, ಅದಕ್ಕಿಂತ ಮೊದಲು, ಒಳಗೆ ಆಳುಗಳು ಕೆಲಸ ಮಾಡುತ್ತಿದ್ದಾಗ.

ಯಾಕೆ ಹೀಗೆ ಎಂದು ತಿಳಿಯಲು ಬಾಯ್ಲರ್ ಹೇಗೆ ನಿಂತಿರುತ್ತದೆ ಎಂದು ನೋಡಬೇಕು. ನಿಜ ಹೇಳಬೇಕೆಂದರೆ ಅದು ನಿಂತಿರುವುದೇ ಇಲ್ಲ, ತೂಗುತ್ತಿರುತ್ತದೆ. ಉರಿ ಹತ್ತಿದಾಗ ಹತ್ತಾರು ಮೀಟರ್ ಎತ್ತರದ ಕೊಳವೆ ಗೋಡೆಗಳು ಹಿಗ್ಗುತ್ತವೆ, ಹಿಗ್ಗಿದ್ದಕ್ಕೆ ಕೆಳಗೆ ಜಾಗ ಬೇಕು. ಅದಕ್ಕಾಗಿ ಸುತ್ತಲೂ ಉಕ್ಕಿನ ಕಂಬಗಳ ಚೌಕಟ್ಟು ಎಬ್ಬಿಸಿ, ತುತ್ತತುದಿಯ ದೈತ್ಯ ತೊಲೆಗಳಿಂದ ಇಡೀ ಬಾಯ್ಲರನ್ನು ಸರಳುಗಳಲ್ಲಿ ಇಳಿಬಿಟ್ಟಿರುತ್ತಾರೆ. ಜಂತಿಗೆ ಕಟ್ಟಿದ ತೊಟ್ಟಿಲಿನ ಹಾಗೆ. ತೊಟ್ಟಿಲಿನ ತೂಕ ಮಾತ್ರ ಸಾವಿರಾರು ಟನ್. ಭಾರವೆಲ್ಲ ತಲೆಯ ಮೇಲೆ, ಕಾಲುಗಳು ತೆಳ್ಳಗೆ. ಆ ಕಾಲುಗಳು ಬಾಗದಂತೆ ಹಿಡಿದಿರುವುದು ಕಂಬದಿಂದ ಕಂಬಕ್ಕೆ ಓರೆಯಾಗಿ ಹೋದ ಸರಳುಗಳು, ಅಟ್ಟಗಳು, ಗಾಳಿಯ ಕೊಳವೆಗಳು. ಇವುಗಳಲ್ಲಿ ಕೆಲವು ಭಾರ ಹೊರಲೆಂದೇ ಇಟ್ಟವಲ್ಲ. ನಲವತ್ತು ವರ್ಷದಲ್ಲಿ ಹೇಗೋ ಹೊರೆಯಲ್ಲಿ ಪಾಲು ಪಡೆದಿರುತ್ತವೆ.

ಇಂಥದ್ದನ್ನು ಸ್ಫೋಟಕದಿಂದ ಬೀಳಿಸುವ ಮೊದಲು, ಬೇಕಾದ ದಿಕ್ಕಿಗೇ ಬೀಳಲಿ ಎಂದು ಕೆಲವು ಓರೆ ಸರಳು ಕತ್ತರಿಸುತ್ತಾರೆ, ಕಂಬಗಳಿಗೆ ಗ್ಯಾಸ್ ಕಟ್ಟರಿನಿಂದ ಕಚ್ಚು ಹಾಕುತ್ತಾರೆ. ಅಂದರೆ ಬೇಕೆಂದೇ ದುರ್ಬಲಗೊಳಿಸುತ್ತಾರೆ. ನಮ್ಮೂರಲ್ಲಿ ಮರ ಕಡಿಯುವವರನ್ನು ನೋಡಿ: ಕಚ್ಚು ಹಾಕಿದ ಮೇಲೆ ಮರ ಉರುಳುವ ತನಕ ಬೀಡಿಯನ್ನೂ ಹಚ್ಚುವುದಿಲ್ಲ. ಅರ್ಧ ಕಡಿದ ಮರವನ್ನು ಹಾಗೇ ಬಿಟ್ಟು ಯಾರೂ ಊಟಕ್ಕೆ ಹೋಗುವುದಿಲ್ಲ. ಬಾಯ್ಲರ್ ಮನೆಯಲ್ಲಿ ಅರ್ಧ ಕಡಿದ ಸ್ಥಿತಿ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಇರುತ್ತದೆ. ಆ ವಾರಗಳಲ್ಲಿ ಜನ ಅದರೊಳಗೇ ಓಡಾಡುತ್ತಾರೆ.

ಇನ್ನೂ ಒಂದಿದೆ, ಇದು ನನ್ನನ್ನು ಹೆಚ್ಚು ಕಾಡಿದ್ದು. ಡಿಡ್ಕಾಟ್‌ನಲ್ಲಿ ಕುಸಿದದ್ದು ಅರ್ಧ ಮಾತ್ರ. ಉಳಿದ ಅರ್ಧವೂ ಕಚ್ಚು ಹಾಕಿದ್ದೇ ಆದ್ದರಿಂದ ರಕ್ಷಣೆಗೆ ಬಂದವರು ಹತ್ತಿರ ಹೋಗುವಂತಿರಲಿಲ್ಲ. ಕೊನೆಗೆ ಜುಲೈ 17ರಂದು ರೋಬೋಗಳ ಕೈಯಲ್ಲಿ ಸ್ಫೋಟಕ ಇಡಿಸಿ ಅದನ್ನು ಬೀಳಿಸಿದರು. ಮೂವರ ದೇಹ ಸಿಕ್ಕಿದ್ದು ಅದಾದ ಮೇಲೆ, ಆಗಸ್ಟ್ ಕೊನೆ, ಸೆಪ್ಟೆಂಬರ್ ಹೊತ್ತಿಗೆ. ಮನೆಯವರು ಆರು ತಿಂಗಳು ಕಾದರು. ಉಲ್ಸಾನ್‌ನಲ್ಲೂ ಅದೇ. ಅಕ್ಕಪಕ್ಕದ ಎರಡು ಗೋಪುರಗಳನ್ನು ಉರುಳಿಸುವ ತನಕ ಶೋಧ ನಿಲ್ಲಿಸಬೇಕಾಯಿತು. ಹಾಗಾದರೆ ಸುರಕ್ಷತಾ ಆಡಿಟ್ ಕೇಳಬೇಕಾದ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದಾಗಬೇಕು: ಇವತ್ತು ಇದು ಬಿದ್ದರೆ ಒಳಗಿದ್ದವರನ್ನು ತೆಗೆಯಲು ಯಾರು, ಯಾವ ದಾರಿಯಲ್ಲಿ ಹೋಗುತ್ತಾರೆ? ಅಗ್ನಿಶಾಮಕ ದಳದ ಫೋನ್ ನಂಬರನ್ನು ಗೋಡೆಗೆ ಅಂಟಿಸಿದ್ದು ಇದಕ್ಕೆ ಉತ್ತರವಲ್ಲ.

ಆಡಿಟ್ ಅನ್ನುವ ಶಬ್ದ ನಮ್ಮಲ್ಲಿ ತುಂಬಾ ಸವೆದಿದೆ. ಮಂಗಳೂರಿನ ಸಿಟಿ ಬಸ್ಸುಗಳ ಹಿಂದೆ ಫೈರ್ ಆಂಡ್ ಸೇಫ್ಟಿ ಡಿಪ್ಲೊಮಾದ ಜಾಹೀರಾತು ನೋಡದವರು ಯಾರು? ಕರಾವಳಿಯ ಹುಡುಗರು ಅದನ್ನು ಮುಗಿಸಿ ಕೊಲ್ಲಿ ದೇಶಗಳಿಗೆ ಸೇಫ್ಟಿ ಆಫೀಸರ್ ಆಗಿ ಹೋಗುತ್ತಾರೆ. ಹಾಗೆ ಹೋಗಿ ಬಂದ ಸ್ನೇಹಿತನೊಬ್ಬನನ್ನು ಕೇಳಿದೆ, ಆಡಿಟ್ ದಿನ ಸೈಟು ಹೇಗಿರುತ್ತದೆ ಅಂತ. “ಅಷ್ಟಮಿಗೆ ಮನೆ ಗುಡಿಸಿದ ಹಾಗೆ ಇರ್ತದೆ ಮಾರಾಯ. ಹೆಲ್ಮೆಟ್ಟಿನ ಸ್ಟಿಕ್ಕರ್ ಕೂಡ ತೆಗ್ದಿರುದಿಲ್ಲ” ಅಂದ. ಅವನು ತಮಾಷೆಗೆ ಹೇಳಿದ್ದೇನೂ ಅಲ್ಲ.

ಅವನ ಮಾತಿನಲ್ಲಿ ಮೂರು ಬೇರೆ ಬೇರೆ ಕೆಲಸಗಳು ಬೆರೆತುಹೋಗಿದ್ದವು, ನಮ್ಮ ಪತ್ರಿಕೆಗಳ ವರದಿಗಳಲ್ಲೂ ಹಾಗೇ ಆಗುತ್ತದೆ. ಪರ್ಮಿಟ್ ಅಂದರೆ ಇಂಥ ಜಾಗದಲ್ಲಿ, ಇಂಥ ಹೊತ್ತಿನಲ್ಲಿ, ಇಂಥ ಕೆಲಸ ಮಾಡಬಹುದು ಎಂಬ ಅಪ್ಪಣೆ ಚೀಟಿ. ತಪಾಸಣೆ ಅಂದರೆ ಜಾಗಕ್ಕೆ ಹೋಗಿ ನೋಡುವುದು: ಬೇಲಿ ಇದೆಯೇ, ಬೆಲ್ಟ್ ಕಟ್ಟಿದ್ದಾರೆಯೇ. ಆಡಿಟ್ ಇವೆರಡಕ್ಕಿಂತ ಒಂದು ಮೆಟ್ಟಿಲು ಮೇಲಿನದು. ಪರ್ಮಿಟ್ ಕೊಡುವ ವ್ಯವಸ್ಥೆ, ತಪಾಸಣೆಯ ವ್ಯವಸ್ಥೆ ನಿಜವಾಗಿ ನಡೆಯುತ್ತಿವೆಯೇ ಎಂದು ಹೊರಗಿನವರು ಬಂದು ಪರೀಕ್ಷಿಸುವುದು ಅದು. ಒಳ್ಳೆಯ ಆಡಿಟರ್ ಹೆಲ್ಮೆಟ್ ಎಣಿಸುತ್ತ ಕೂರುವುದಿಲ್ಲ. ಹೋದ ವಾರದ ಯಾವುದಾದರೂ ಒಂದು ಪರ್ಮಿಟ್ ಎತ್ತಿಕೊಂಡು, ಅದರಲ್ಲಿ ಬರೆದ ಕಂಬದ ಬುಡಕ್ಕೆ ನಡೆದೇ ಹೋಗುತ್ತಾನೆ. ಕಾಗದದಲ್ಲಿ ಬರೆದ ಅಳತೆಗೇ ಕತ್ತರಿಸಿದ್ದಾರೆಯೇ? ಸಹಿ ಮಾಡಿದವರು ಆ ದಿನ ಸೈಟಿನಲ್ಲಿ ಇದ್ದರೇ? ಕತ್ತರಿಸಿದವನಿಗೆ ನಕ್ಷೆ ತೋರಿಸಿದ್ದರೇ? ಹೀಗೆ ಒಂದೇ ಎಳೆ ಹಿಡಿದು ಎಳೆದರೆ ಸಾಕು, ಅರ್ಧ ದಿನದಲ್ಲಿ ಸೈಟಿನ ಜಾತಕ ಗೊತ್ತಾಗುತ್ತದೆ.

ಕೈಗಾರಿಕೆಗಳ ಸುರಕ್ಷತಾ ಆಡಿಟ್‌ಗೆ ನಮ್ಮಲ್ಲಿ ಭಾರತೀಯ ಮಾನಕವೇ ಇದೆ, ಐಎಸ್ 14489. ಅದು ನಡೆಯುವ ಕಾರ್ಖಾನೆಗೆ ಹೇಳಿ ಹೊಲಿಸಿದ ಅಂಗಿ. ಅಲ್ಲಿ ವರ್ಷಕ್ಕೊಮ್ಮೆ ಆಡಿಟ್ ಮಾಡಿದರೂ ಅರ್ಥವಿದೆ, ಯಾಕೆಂದರೆ ಜನವರಿಯಲ್ಲಿ ನೋಡಿದ ಟ್ಯಾಂಕು ಡಿಸೆಂಬರಿನಲ್ಲೂ ಅಲ್ಲೇ ಇರುತ್ತದೆ. ಕೆಡವುವ ಸೈಟಿನಲ್ಲಿ ಬೆಳಿಗ್ಗೆ ನೋಡಿದ ಕಟ್ಟಡ ಸಂಜೆಗೆ ಇರುವುದಿಲ್ಲ. ಸೋಮವಾರದ ವರದಿಯಲ್ಲಿ ‘ಭದ್ರವಾಗಿದೆ’ ಎಂದು ಬರೆದ ಅಟ್ಟವನ್ನು ಹಿಡಿದಿದ್ದ ಸರಳನ್ನು ಬುಧವಾರ ಕತ್ತರಿಸಿರುತ್ತಾರೆ. ತಿಂಗಳಿಗೊಮ್ಮೆ ಬರುವ ಆಡಿಟರ್ ನೋಡುವುದು ಪ್ರತಿ ಸಲವೂ ಬೇರೆ ಕಟ್ಟಡ, ಬರೆಯುವುದು ಮಾತ್ರ ಅದೇ ಚೆಕ್‌ಲಿಸ್ಟಿನಲ್ಲಿ.

ಅಮೆರಿಕದ ನಿಯಮ ಇದನ್ನು ಗುರುತಿಸಿದೆ. ಕೆಲಸ ಶುರುವಾಗುವ ಮೊದಲೇ ಅರ್ಹರೊಬ್ಬರು ಕಟ್ಟಡದ ಎಂಜಿನಿಯರಿಂಗ್ ಸಮೀಕ್ಷೆ ಮಾಡಬೇಕು, ಅದಕ್ಕೆ ಲಿಖಿತ ಪುರಾವೆ ಇರಬೇಕು. ಆಮೇಲೆ ಕೆಲಸ ಮುಂದುವರಿದ ಹಾಗೆಲ್ಲ ತಪಾಸಣೆಯೂ ಬಿಡದೆ ಮುಂದುವರಿಯಬೇಕು. ನಮ್ಮಲ್ಲೂ ಬರಿಗೈ ಅಲ್ಲ. ಕಟ್ಟಡ ಕೆಡವುವುದಕ್ಕೆ ಐಎಸ್ 4130 ಎಂಬ ಸುರಕ್ಷತಾ ಸಂಹಿತೆ ಇದೆ, ಕಟ್ಟಡ ಕಾರ್ಮಿಕರ 1998ರ ಕೇಂದ್ರ ನಿಯಮಗಳಲ್ಲಿ ಕೆಡವುವ ಕೆಲಸಕ್ಕೆಂದೇ ಒಂದು ಅಧ್ಯಾಯವಿದೆ. ಕಲ್ಲಿದ್ದಲು ಸ್ಥಾವರಗಳನ್ನು ಮುಚ್ಚುವಾಗ ಏನೇನು ನೋಡಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮಾರ್ಗಸೂಚಿಯನ್ನೂ ಕೊಟ್ಟಿದೆ. ಆದರೆ ನಿಯಮ ಹೇಳುವುದನ್ನೂ ಕಿಲ್ಲೆನ್‌ನಲ್ಲಿ ಆದದ್ದನ್ನೂ ಎದುರುಬದುರು ಇಟ್ಟರೆ, ನಿಯಮ ಇರುವುದರಿಂದಲೇ ಕಟ್ಟಡ ನಿಲ್ಲುವುದಿಲ್ಲ ಎಂಬುದು ಸ್ಪಷ್ಟ. ಕೆಲಸದ ಸರಣಿಯಲ್ಲೇ ಕೆಲವು ಗಂಟುಗಳನ್ನು ಹಾಕಬೇಕಾಗುತ್ತದೆ. ಮೊದಲ ಓರೆ ಸರಳು ಮುಟ್ಟುವ ಮೊದಲು ಒಂದು. ಕಚ್ಚು ಹಾಕಿದ ಮೇಲೆ ಮತ್ತೆ ಜನರನ್ನು ಒಳಗೆ ಬಿಡುವ ಮೊದಲು ಒಂದು. ದೊಡ್ಡ ಮಳೆಯೋ ಗಾಳಿಯೋ ಆದ ಮರುದಿನ ಒಂದು. ಆ ಗಂಟನ್ನು ಹೊರಗಿನ ಎಂಜಿನಿಯರ್ ಬಂದು ಬಿಚ್ಚಿದರೆ ಮಾತ್ರ ಮುಂದಿನ ಕತ್ತರಿ.

ಇದು ನಮ್ಮಲ್ಲಿ ಆಗದೆ ಇರುವುದಕ್ಕೆ ಅಜ್ಞಾನವೇ ಕಾರಣ ಎಂದು ನಾನು ಒಪ್ಪುವುದಿಲ್ಲ. ಕಾರಣ ದುಡ್ಡು ಹರಿಯುವ ದಿಕ್ಕು. ಇದನ್ನು ವಿವರಿಸಲು ಮೂಡುಬಿದಿರೆ ಹತ್ತಿರದ ನಮ್ಮ ಅಜ್ಜನ ಮನೆಗೆ ಹೋಗಬೇಕು.

ಮಣ್ಣಿನ ಗೋಡೆ, ಹಂಚಿನ ಮಾಡಿನ ದೊಡ್ಡ ಮನೆ. ಪಾಲಾದ ಮೇಲೆ ಒಡೆಯುವುದೆಂದಾಯಿತು. ನಮ್ಮ ಕಡೆ ಹಳೇ ಮನೆ ಒಡೆಯುವವರಿಗೆ ನಾವು ದುಡ್ಡು ಕೊಡುವುದಿಲ್ಲ, ಅವರೇ ನಮಗೆ ಕೊಡುತ್ತಾರೆ. ಬೋಗಿ, ಹಲಸಿನ ಮರದ ಬೆಲೆ ಅದು. ಗುತ್ತಿಗೆ ಹಿಡಿದವ ಒಂದು ಮೊತ್ತ ಎಣಿಸಿ ಮಾವನ ಕೈಗಿಟ್ಟ. ಆಮೇಲೆ ಅವನು ತೆಗೆದದ್ದು ಯಾವುದನ್ನು? ದುಡ್ಡು ಇರುವುದನ್ನು. ಹಂಚು, ರೀಪು, ಪಕ್ಕಾಸು, ತೊಲೆ, ದಾರಂದ. ಹತ್ತು ದಿನದಲ್ಲಿ ಅದೆಲ್ಲ ಲಾರಿ ಹತ್ತಿತು. ಗೋಡೆಯಲ್ಲಿ ದುಡ್ಡಿಲ್ಲ, ಹಾಗಾಗಿ ಗೋಡೆ ನಿಂತಿತು. ಹತ್ತಿರದ ಮೇಸ್ತ್ರಿ ನೋಡಿ ಮಾವನಿಗೆ ಹೇಳಿದ್ದ: “ತೊಲೆ ತೆಗ್ದ ಮೇಲೆ ಗೋಡೆಗೆ ಎಂತ ಧೈರ್ಯ ಉಂಟು ಧಣಿಗಳೇ? ಮಳೆ ಬರುವ ಮೊದಲು ಬೀಳಿಸಿ.” ಮಾವ ಫೋನ್ ಮಾಡಿದರೆ ಗುತ್ತಿಗೆಯವ ನಾಳೆ ಅಂದ. ಮೇ ಕೊನೆಯ ಒಂದು ರಾತ್ರಿ ಮಳೆ ಬಂತು, ಪಶ್ಚಿಮದ ಗೋಡೆ ಹಟ್ಟಿಯ ಮೇಲೆ ಮಲಗಿತು. ಹಟ್ಟಿಯಲ್ಲಿ ದನ ಇರಲಿಲ್ಲ, ಅಷ್ಟೇ ಪುಣ್ಯ.

ವಿದ್ಯುತ್ ಸ್ಥಾವರವನ್ನು ಕೆಡವುವುದೂ ನಮ್ಮ ದೇಶದಲ್ಲಿ ಬಹುಮಟ್ಟಿಗೆ ಇದೇ ಲೆಕ್ಕದಲ್ಲಿ. ಅದು ಕೆಲಸದ ಟೆಂಡರ್ ಅನ್ನುವುದಕ್ಕಿಂತ ಗುಜರಿಯ ಮಾರಾಟ. ಸರ್ಕಾರಿ ಸ್ಥಾವರವಾದರೆ ಸಾಮಾನ್ಯವಾಗಿ ಕೇಂದ್ರ ಸರ್ಕಾರದ ಹರಾಜು ಕಂಪನಿಯಾದ ಎಂಎಸ್‌ಟಿಸಿಯ ಇ-ಹರಾಜು, ‘ಇದ್ದಲ್ಲಿ ಇದ್ದ ಹಾಗೆ’ ಎಂಬ ಷರತ್ತು. ಕೊಂಡವನು ಮೊದಲೇ ದುಡ್ಡು ಕಟ್ಟಿರುತ್ತಾನೆ, ಅದರ ಬಡ್ಡಿ ದಿನದಿನಕ್ಕೂ ಏರುತ್ತಿರುತ್ತದೆ. ತಾಮ್ರದ ಕೇಬಲ್, ಕಂಡೆನ್ಸರ್ ಕೊಳವೆ, ಮಿಶ್ರಲೋಹದ ಹಬೆ ಕೊಳವೆ ಇವು ಮೊದಲು ಹೊರಡಬೇಕು. ಎಂಜಿನಿಯರ್ ಹೇಳುವ ಕ್ರಮಕ್ಕೂ ಗುಜರಿಯ ಬೆಲೆ ಹೇಳುವ ಕ್ರಮಕ್ಕೂ ತಾಳ ಕೂಡುವುದಿಲ್ಲ.

ಇನ್ನೊಂದು ಸೂಕ್ಷ್ಮವೂ ಇಲ್ಲಿದೆ. ಕೆಲಸ ಮಾಡಿಸಿಕೊಳ್ಳುವ ಮಾಲೀಕನ ಕೈಯಲ್ಲಿ ಗುತ್ತಿಗೆದಾರನ ಬಿಲ್ ಇರುತ್ತದೆ. ಆಡಿಟರ್ ತಪ್ಪು ತೋರಿಸಿದರೆ ಬಿಲ್ ತಡೆಹಿಡಿಯಬಹುದು. ಮಾರಿದ ಮಾಲೀಕನಿಗೆ ತಡೆಯಲು ಬಿಲ್ಲೇ ಇಲ್ಲ, ಅವನಾಗಲೇ ದುಡ್ಡು ಎಣಿಸಿಕೊಂಡಾಗಿದೆ. ಆಡಿಟ್ ವರದಿ ಯಾರ ಮೇಜಿಗೆ ಹೋಗಬೇಕೋ ಆ ಮೇಜಿಗೇ ಅದರಿಂದ ಏನೂ ಆಗಬೇಕಿಲ್ಲ. ಮಾರಾಟವನ್ನೂ ಕೆಡವುವ ಕೆಲಸವನ್ನೂ ಎರಡು ಪ್ರತ್ಯೇಕ ಒಪ್ಪಂದ ಮಾಡಬೇಕು, ಗುಜರಿ ಲಾರಿಗೆ ಗೇಟ್ ಪಾಸ್ ಸಿಗುವುದು ಆಯಾ ಹಂತದ ಗಂಟು ಬಿಚ್ಚಿದ ಮೇಲೆಯೇ ಆಗಬೇಕು ಎಂಬುದು ನನ್ನ ಅಭಿಪ್ರಾಯ. ಲಾರಿ ನಿಂತರೆ ಎಂಥ ಗುತ್ತಿಗೆದಾರನಿಗೂ ಕಿವಿ ಕೇಳಿಸುತ್ತದೆ.

ಕುಸಿತ ಸುದ್ದಿಯಾಗುತ್ತದೆ, ಧೂಳು ಆಗುವುದಿಲ್ಲ. ಹಳೆಯ ಸ್ಥಾವರಗಳಲ್ಲಿ ಹಬೆ ಕೊಳವೆಗಳಿಗೆ ಸುತ್ತಿದ ಹೊದಿಕೆಯಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಅದರ ಎಳೆ ಶ್ವಾಸಕೋಶ ಹೊಕ್ಕರೆ ಕ್ಯಾನ್ಸರ್ ತಲೆಯೆತ್ತಲು ಇಪ್ಪತ್ತರಿಂದ ನಲವತ್ತು ವರ್ಷ ಹಿಡಿಯಬಹುದು. ಸೀಸದ ಬಣ್ಣ ಬಳಿದ ಉಕ್ಕಿಗೆ ಗ್ಯಾಸ್ ಕಟ್ಟರ್ ಹಿಡಿದರೆ ಏಳುವ ಹೊಗೆಯಲ್ಲಿ ಸೀಸ. ಬಾಯ್ಲರ್ ನೀರಿಗೆ ಹಾಕುತ್ತಿದ್ದ ಹೈಡ್ರಜೀನ್ ಎಂಬ ವಿಷದ ರಾಸಾಯನಿಕ, ಹಳೇ ಟ್ರಾನ್ಸ್‌ಫಾರ್ಮರುಗಳ ಎಣ್ಣೆ, ಬಂಕರಿನ ಮೂಲೆಯಲ್ಲಿ ಉಳಿದು ತಾನಾಗಿ ಹೊತ್ತಿಕೊಳ್ಳುವ ಕಲ್ಲಿದ್ದಲ ಪುಡಿ. ಕಲ್ಲಿದ್ದಲ ಮಟ್ಟ ಅಳೆಯಲು ಕೆಲವು ಸ್ಥಾವರಗಳಲ್ಲಿ ವಿಕಿರಣ ಮೂಲವಿರುವ ಪುಟ್ಟ ಉಪಕರಣಗಳೂ ಇರುತ್ತವೆ. ಗುಜರಿಯವನ ಕಣ್ಣಿಗೆ ಅದು ಸೀಸದ ಡಬ್ಬಿ. 2010ರಲ್ಲಿ ದಿಲ್ಲಿಯ ಮಾಯಾಪುರಿಯಲ್ಲಿ ಆದದ್ದು ನೆನಪಿಸಿಕೊಳ್ಳಿ. ವಿಶ್ವವಿದ್ಯಾಲಯವೊಂದು ಹರಾಜು ಹಾಕಿದ ಹಳೆಯ ಯಂತ್ರದೊಳಗೆ ಕೋಬಾಲ್ಟ್-60 ಎಂಬ ವಿಕಿರಣ ವಸ್ತು ಇತ್ತು. ಬಿಚ್ಚಿದ ಗುಜರಿ ಕೆಲಸಗಾರರು ಆಸ್ಪತ್ರೆ ಸೇರಿದರು, ಒಬ್ಬ ಸತ್ತ.

ಆಸ್ಬೆಸ್ಟಾಸ್ ಕೆಲಸಗಾರರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಹೆಚ್ಚೋ ಅಷ್ಟು ಕಾಲ ಇಡಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ತೀರ್ಪು ಹೇಳಿದ್ದು ಕಾರ್ಖಾನೆಯ ಕಾಯಂ ಕಾರ್ಮಿಕನನ್ನು ಕಣ್ಣಮುಂದೆ ಇಟ್ಟುಕೊಂಡು. ಜಾರ್ಖಂಡಿನಿಂದಲೋ ಒಡಿಶಾದಿಂದಲೋ ಬಂದು ಮೂರು ತಿಂಗಳು ಹೊದಿಕೆ ಕಿತ್ತು, ಮುಂದಿನ ಸೈಟಿಗೆ ಹೋಗುವವನ ಎಕ್ಸ್‌ರೇಯನ್ನು ನಲವತ್ತು ವರ್ಷ ಇಡುವ ಕಪಾಟು ಯಾರ ಆಫೀಸಿನಲ್ಲಿದೆ? ಆರೋಗ್ಯದ ಆಡಿಟ್ ಅಂದರೆ ಇದು. ಸೈಟಿನಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇದೆಯೋ ಇಲ್ಲವೋ ಎಂದು ಗುರುತು ಹಾಕುವುದು ಸುಲಭದ ಭಾಗ.

ಹೊಸ ಸಂಹಿತೆಯಲ್ಲಿ ಸಂಖ್ಯೆಗಳ ಆಟ ಒಂದಿದೆ. ಕಟ್ಟಡ ಕಾಮಗಾರಿಯಲ್ಲಿ ಸುರಕ್ಷತಾ ಅಧಿಕಾರಿ ಕಡ್ಡಾಯವಾಗುವುದು 250 ಕಾರ್ಮಿಕರಿದ್ದರೆ. ಗುತ್ತಿಗೆದಾರನಿಗೆ ಪರವಾನಗಿ ಬೇಕಾಗುವುದು 50 ಜನರಿದ್ದರೆ, ಮೊದಲು ಇದು 20 ಇತ್ತು. ಕಟ್ಟುವಾಗ ಸಾವಿರಾರು ಜನ ದುಡಿಯುತ್ತಾರೆ, ಕೆಡವಲು ಅಷ್ಟು ಬೇಡ. ಯಂತ್ರ, ಗ್ಯಾಸ್ ಕಟ್ಟರ್ ಹಿಡಿಯುವ ಮೂವತ್ತು ನಲವತ್ತು ಜನರ ತಂಡ, ಅಂಥವು ಎರಡು ಮೂರು, ಒಬ್ಬೊಬ್ಬ ಉಪಗುತ್ತಿಗೆದಾರನ ಕೆಳಗೆ. ಉಲ್ಸಾನ್ ಗೋಪುರದಲ್ಲಿ ಆ ಹೊತ್ತಿಗೆ ಇದ್ದದ್ದು ಒಂಬತ್ತು ಜನ, ಅವರೂ ಉಪಗುತ್ತಿಗೆಯವರೇ. ತಲೆ ಎಣಿಸಿ ಅಪಾಯ ಅಳೆಯುವ ಕಾನೂನಿಗೆ ಈ ಒಂಬತ್ತು ಜನ ಕಾಣುವುದು ಕಷ್ಟ.

ಭಾಷೆಯದ್ದೂ ಒಂದು ತೊಡಕು. ಬೆಳಿಗ್ಗೆ ಕೆಲಸಕ್ಕೆ ಮುಂಚಿನ ಐದು ನಿಮಿಷದ ಸುರಕ್ಷತಾ ಮಾತನ್ನು ಹೇಳುವವ ತುಳು–ಕನ್ನಡದ ಹುಡುಗ, ಅವನ ಹಿಂದಿ ಕೆಲಸಕ್ಕೆ ಸಾಕಾಗುವಷ್ಟು. ಕೇಳುವವರು ಸಂತಾಲಿ, ಒಡಿಯಾ, ಭೋಜಪುರಿಯವರು. ರಿಜಿಸ್ಟರಿನಲ್ಲಿ ಎಲ್ಲರ ಸಹಿ ಇರುತ್ತದೆ. ಆಡಿಟರ್ ಸಹಿ ನೋಡಿ ಗುರುತು ಹಾಕುವ ಬದಲು, ಸಹಿ ಮಾಡಿದ ಒಬ್ಬನನ್ನು ಕರೆದು ‘ಇವತ್ತು ಯಾವ ಕಂಬ ಮುಟ್ಟಬಾರದು?’ ಎಂದು ಅವನ ಭಾಷೆಯಲ್ಲೇ ಕೇಳಿಸಲಿ.

ಇನ್ನು ನಮ್ಮ ಕರಾವಳಿಗೇ ವಿಶೇಷವಾದದ್ದು ಉಪ್ಪುಗಾಳಿ ಮತ್ತು ಮಳೆ. ಸಮುದ್ರದ ಮಗ್ಗುಲಲ್ಲಿ ಉಕ್ಕು ಹೇಗೆ ಸವೆಯುತ್ತದೆಂದು ಮಲ್ಪೆಯ ಬೋಟಿನವರನ್ನು ಕೇಳಿ. ನಕ್ಷೆಯಲ್ಲಿ 40 ಮಿಲಿಮೀಟರ್ ದಪ್ಪವೆಂದು ಬರೆದ ತಟ್ಟೆ ತುಕ್ಕು ತಿಂದು ಎಷ್ಟು ಉಳಿದಿದೆಯೆಂದು ಅಲ್ಲಲ್ಲೇ ಅಳೆಯದೆ ಕಚ್ಚಿನ ಲೆಕ್ಕ ಹಾಕುವಂತಿಲ್ಲ. ವರ್ಷಕ್ಕೆ ಮೂರೂವರೆ–ನಾಲ್ಕು ಸಾವಿರ ಮಿಲಿಮೀಟರ್ ಮಳೆ, ಅದರ ಬಹುಪಾಲು ನಾಲ್ಕು ತಿಂಗಳಲ್ಲಿ. ಹಾರುಬೂದಿ ಹಿಡಿಯುವ ಯಂತ್ರದ ದೊಡ್ಡ ದೊಡ್ಡ ಆಲಿಕೆಗಳಲ್ಲಿ ಬೂದಿ ಉಳಿದಿದ್ದು, ಮೇಲಿನ ಮುಚ್ಚಳ ತೆಗೆದಿದ್ದು, ಆಷಾಢದ ಮಳೆ ಸುರಿದರೆ? ಒದ್ದೆ ಬೂದಿಯ ತೂಕ ಹೊರಲು ಆ ಕಾಲುಗಳನ್ನು ಯಾರೂ ಲೆಕ್ಕ ಹಾಕಿ ಇಟ್ಟಿಲ್ಲ. ಸೂರತ್ತಿಗೆ ಬರೆದ ಕಾರ್ಯಯೋಜನೆಯನ್ನು ಹೆಸರು ಬದಲಿಸಿ ಎಲ್ಲೂರಿಗೆ ತಂದರೆ ಆಗುವ ಕೆಲಸವಲ್ಲ ಇದು. ಜೂನ್‌ನಿಂದ ಸೆಪ್ಟೆಂಬರ್ ತನಕ ಕಚ್ಚು ಹಾಕಿದ ಯಾವ ಕಟ್ಟಡವೂ ನಿಂತಿರಕೂಡದು ಎಂಬ ಒಂದೇ ಸಾಲು ಕರಾರಿನಲ್ಲಿ ಇದ್ದರೆ, ಅರ್ಧ ಆಡಿಟ್ ಅಲ್ಲೇ ಮುಗಿಯುತ್ತದೆ.

ಬೇಲಿಯ ಹೊರಗಿನವರ ಮಾತೂ ಬರಬೇಕು. ಷಿಕಾಗೋದ ಕ್ರಾಫರ್ಡ್ ಸ್ಥಾವರದ ಚಿಮಣಿಯನ್ನು 2020ರ ಏಪ್ರಿಲ್ 11ರಂದು ಉರುಳಿಸಿದಾಗ ಧೂಳಿನ ಮೋಡ ಪಕ್ಕದ ವಸತಿಯನ್ನೇ ನುಂಗಿತು. ಕೊರೊನಾ ಕಾಲ, ಜನ ಮನೆಯೊಳಗೆ ಕೂತು ಉಸಿರಾಟದ ಬಗ್ಗೆಯೇ ಹೆದರಿದ್ದ ದಿನಗಳು. ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್‌ನಲ್ಲಿ 2013ರಲ್ಲಿ ಹಳೆಯ ಸ್ಥಾವರವೊಂದು ಬೀಳುವುದನ್ನು ನೋಡಲು ಹೋದವನೊಬ್ಬ ಹಾರಿ ಬಂದ ಲೋಹದ ಚೂರಿನಿಂದ ಕಾಲು ಕಳೆದುಕೊಂಡ. ಇಲ್ಲಿ ಅಂಥದ್ದೊಂದು ಆಗುವುದಿದ್ದರೆ ಹೆದ್ದಾರಿಯ ಎರಡೂ ಕಡೆ ಬೈಕು ನಿಲ್ಲಿಸಿ, ಮೊಬೈಲು ಎತ್ತಿ ನಿಲ್ಲುವ ಜನರ ಸಾಲು ಎಷ್ಟುದ್ದ ಇರಬಹುದೆಂದು ನೀವೇ ಊಹಿಸಿ. ಎಲ್ಲೂರಿನ ಸುತ್ತಮುತ್ತಲಿನವರಿಗೆ ಬೂದಿ ಹೊಸದಲ್ಲ. ಹಾರುಬೂದಿ, ಬಾವಿಗೆ ಉಪ್ಪುನೀರು, ಮಲ್ಲಿಗೆ ಗಿಡಕ್ಕೆ ಪೆಟ್ಟು ಎಂಬ ದೂರುಗಳನ್ನು ಹೊತ್ತು ಅವರು ಹಸಿರು ನ್ಯಾಯಮಂಡಳಿಯ ತನಕ ನಡೆದವರು. ಮುಚ್ಚುವ ಕಾಲದಲ್ಲೂ ಬೂದಿಕೊಳ ಅಲ್ಲೇ ಉಳಿಯುತ್ತದೆ, ಅದಕ್ಕೆ ಗುಜರಿ ಬೆಲೆಯಿಲ್ಲ.

ಹಾಗಾದರೆ ಈಗ, ಸ್ಥಾವರ ಉರಿಯುತ್ತಿರುವಾಗಲೇ ಮಾಡಬಹುದಾದ್ದು ಏನು? ಬಹಳ ಇದೆ, ಅದರಲ್ಲಿ ಹೆಚ್ಚಿನದು ಅಗ್ಗವೂ ಹೌದು. ಕಟ್ಟಿದ್ದು ಹೇಗಿದೆಯೋ ಹಾಗೆ ತೋರಿಸುವ ನಕ್ಷೆ, ಆಮೇಲೆ ಬೆಸೆದ, ಕತ್ತರಿಸಿದ, ಬದಲಿಸಿದ ಪ್ರತಿಯೊಂದರ ದಾಖಲೆ. ಆಸ್ಬೆಸ್ಟಾಸ್ ಎಲ್ಲೆಲ್ಲಿದೆ, ವಿಕಿರಣ ಮೂಲಗಳು ಎಷ್ಟಿವೆ ಎಂಬ ಪಟ್ಟಿ. ಅಲ್ಲೇ ಮೂವತ್ತು ವರ್ಷ ದುಡಿದ ಫಿಟ್ಟರ್ ನಿವೃತ್ತನಾಗುವ ಮೊದಲು ಅವನನ್ನು ಕೂರಿಸಿ ಬರೆದುಕೊಂಡದ್ದು, ಯಾಕೆಂದರೆ ನಕ್ಷೆಗೆ ಗೊತ್ತಿಲ್ಲದ ಕೊಳವೆ ಅವನಿಗೆ ಗೊತ್ತಿರುತ್ತದೆ. ಸ್ಥಾವರ ನಿಂತ ಮಾರನೆಯ ವರ್ಷ ಹುಡುಕಿದರೆ ಈ ಮೂರೂ ಸಿಗುವುದಿಲ್ಲ.

ದುಡ್ಡಿನದ್ದು ಮಾತ್ರ ಅಗ್ಗವಲ್ಲ. ಕಲ್ಲಿದ್ದಲು ಗಣಿ ನಡೆಸುವವರು ಮುಂದೊಂದು ದಿನ ಅದನ್ನು ಮುಚ್ಚುವ ಖರ್ಚಿಗೆಂದು ವರ್ಷವರ್ಷವೂ ಪ್ರತ್ಯೇಕ ಖಾತೆಗೆ ಹಣ ಕಟ್ಟಬೇಕು. ಅದೇ ಕಲ್ಲಿದ್ದಲನ್ನು ಉರಿಸುವ ಸ್ಥಾವರಕ್ಕೆ ಅಂಥ ಖಾತೆಯಿಲ್ಲ. ಬದಲಿಗೆ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗದ ದರ ನಿಗದಿ ಲೆಕ್ಕದಲ್ಲಿ ಸ್ಥಾವರದ ಬಂಡವಾಳದ ಶೇಕಡಾ 10ರಷ್ಟನ್ನು ಗುಜರಿ ಬೆಲೆಯೆಂದು ಹಿಡಿಯುತ್ತ ಬಂದಿದ್ದಾರೆ. ಅಂದರೆ ಕೆಡವುವುದು ಕಾಗದದ ಮೇಲೆ ಮೊದಲಿನಿಂದಲೂ ಆದಾಯ, ಖರ್ಚಲ್ಲ. ಅಜ್ಜನ ಮನೆಯ ಲೆಕ್ಕವೇ, ಸೊನ್ನೆಗಳು ಮಾತ್ರ ಹೆಚ್ಚು.

ಇಂಥ ಸ್ಥಾವರ ಕಟ್ಟುವ ಮೊದಲು ಪರಿಸರ ಅನುಮತಿಗಾಗಿ ಸಾರ್ವಜನಿಕ ಅಹವಾಲು ಸಭೆ ನಡೆಸಬೇಕು. ಶಾಮಿಯಾನ ಹಾಕಿ, ಜಿಲ್ಲಾಡಳಿತದವರು ವೇದಿಕೆಯಲ್ಲಿ ಕೂತು, ಊರವರು ಮೈಕ್ ಹಿಡಿದು ಜಗಳಾಡಿದ್ದನ್ನು ಇಲ್ಲಿಯವರು ನೋಡಿದ್ದಾರೆ. ಕೆಡವುವ ಕೆಲಸಕ್ಕೆ ಅಂಥ ಕಡ್ಡಾಯ ಸಭೆಯಿಲ್ಲ. ಇಲ್ಲದಿದ್ದರೂ ಪಂಚಾಯತಿನವರು ಕಾಗದ ಬರೆದು ಕೇಳುವುದನ್ನು ಯಾರೂ ತಡೆಯುವುದಿಲ್ಲ: ಆಡಿಟರಿಗೆ ಸಂಬಳ ಕೊಡುವುದು ಯಾರು, ಕೆಲಸ ನಿಲ್ಲಿಸಿ ಎಂದು ಹೇಳುವ ಅಧಿಕಾರ ಅವನಿಗಿದೆಯೇ, ಅವನ ವರದಿಯ ಒಂದು ಪ್ರತಿ ಪಂಚಾಯತ್ ಕಚೇರಿಗೆ ಎಷ್ಟು ದಿನದೊಳಗೆ ಬರುತ್ತದೆ?